ಬಂಡೆ ಏರುವ ಪುಟ್ಟ ಕಾರು

ಪ್ರಶ್ನೆ: ವೇಗದ ರಿಮೋಟ್ ಕಾರು ಸಣ್ಣ ಕಲ್ಲಿಗೇ ನಿಂತುಬಿಡುತ್ತದೆ. ಆದರೆ ರಾಕ್ ಕ್ರಾಲರ್ ಬಂಡೆಯನ್ನೇ ಏರುವುದು ಹೇಗೆ? ನಾನೇ ಒಂದನ್ನು ಕಟ್ಟುವುದಾದರೆ ಯಾವುದಕ್ಕೆ ಗಮನ ಕೊಡಬೇಕು?

ಕ್ರಾಲರ್ ವೇಗವನ್ನು ಬಿಟ್ಟುಕೊಟ್ಟು ಬಲ ಪಡೆಯುತ್ತದೆ. ಏರಿನಲ್ಲಿ ಸೈಕಲ್ಲಿನ ಗೇರ್ ಇಳಿಸಿದರೆ ಪೆಡಲ್ ಹೆಚ್ಚು ತುಳಿಯಬೇಕು, ಆದರೆ ಹಗುರ. ಇಲ್ಲೂ ಹಾಗೆಯೇ, ಮೋಟರು ಹತ್ತಾರು ಸುತ್ತು ತಿರುಗಿದಾಗ ಚಕ್ರ ತಿರುಗುವುದು ಒಂದೇ ಸುತ್ತು.

ನಿಜವಾದ ಗುಟ್ಟಿರುವುದು ಎರಡು ಬದಿಯ ಚಕ್ರಗಳಿಗೆ ಮೋಟರಿನ ಬಲ ಹಂಚುವ ಡಿಫರೆನ್ಷಿಯಲ್‌ನಲ್ಲಿ. ಸಾಮಾನ್ಯ ಕಾರಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದೊಂದೇ ಗಿರಗಿರ ತಿರುಗುತ್ತದೆ, ನೆಲದ ಮೇಲಿನ ಚಕ್ರ ಸುಮ್ಮನಿರುತ್ತದೆ. ಕ್ರಾಲರ್‌ನಲ್ಲಿ ಡಿಫರೆನ್ಷಿಯಲ್ ಅನ್ನು ಲಾಕ್ ಮಾಡಿರುವುದರಿಂದ ಎರಡೂ ಜೊತೆಗೇ ತಿರುಗುತ್ತವೆ; ಕಲ್ಲನ್ನು ಮುಟ್ಟಿರುವ ಚಕ್ರ ಗಾಡಿಯನ್ನು ಎಳೆಯುತ್ತದೆ. ತಿರುವಿಗೆ ಜಾಗ ಹೆಚ್ಚು ಬೇಕು, ಅಷ್ಟೇ. ಟೈರಿನೊಳಗೆ ಒತ್ತಿ ತುಂಬಿದ ಗಾಳಿಯಿಲ್ಲ, ಫೋಮ್ ಇದೆ. ಮೆತ್ತನೆಯ ರಬ್ಬರು ಕಲ್ಲಿನ ಆಕಾರಕ್ಕೆ ಬಾಗಿ ಹಿಡಿಯುತ್ತದೆ.

ಹೊಸಬರು ಮೊದಲು ದೊಡ್ಡ ಮೋಟರಿಗೆ ಹಣ ಸುರಿಯುವುದು ಬೇಡ. 35 ಅಥವಾ 55 ಟರ್ನ್‌ನ ಬ್ರಷ್ ಮೋಟರು ಸಾಕು. ಟರ್ನ್, ಅಂದರೆ ಮೋಟರಿನೊಳಗಿನ ತಂತಿಯ ಸುತ್ತು, ಹೆಚ್ಚಿದಷ್ಟೂ ವೇಗ ಕಡಿಮೆ, ನಿಧಾನದಲ್ಲಿ ಹತೋಟಿ ಹೆಚ್ಚು. ತೂಕದ ಜಾಗವೇ ಮುಖ್ಯ. ಕಡಿದಾದ ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮೂತಿ ಮೇಲೆದ್ದು ಗಾಡಿ ಮಗುಚುತ್ತದೆ. ಆದ್ದರಿಂದ ಬ್ಯಾಟರಿಯನ್ನು ಆದಷ್ಟು ಮುಂದಕ್ಕೆ, ತಗ್ಗಿನಲ್ಲಿ ಕೂರಿಸಿ. ಮೇಲಿನ ಬಾಡಿ ಹಗುರವಾಗಿರಲಿ.