ಗದುಗು ಅಂದರೆ ಗುಡುಗು

ಗದುಗಿನ ವೀರನಾರಾಯಣ ಗುಡಿಯಲ್ಲಿ ಇವತ್ತಿಗೂ ಒಂದು ಕಂಬ ತೋರಿಸುತ್ತಾರೆ. ಕುಮಾರವ್ಯಾಸ ಅದಕ್ಕೆ ಒರಗಿ ಕೂತು ಭಾರತ ಬರೆದನಂತೆ. ಮಿಂದು ಬಂದ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಪದ್ಯ ಹರಿಯುತ್ತಿತ್ತಂತೆ. ಇದರ ಜೊತೆಗೆ ಇನ್ನೊಂದು ಐತಿಹ್ಯವೂ ಉಂಟು. ವೀರನಾರಾಯಣ ಕವಿಯ ಕನಸಿಗೆ ಬಂದು, ದ್ವಾದಶಿ ಪಾರಣೆಯ ಊಟಕ್ಕೆ ಅಶ್ವತ್ಥಾಮ ಬ್ರಾಹ್ಮಣನ ವೇಷದಲ್ಲಿ ಬರುತ್ತಾನೆ, ಅವನನ್ನು ಹಿಡಿ ಎಂದನಂತೆ. ಕುರುಕ್ಷೇತ್ರವನ್ನು ಕಣ್ಣಾರೆ ಕಂಡವನ ಬಾಯಿಂದ ಕೇಳಿಯೇ ಕಾವ್ಯ ಹುಟ್ಟಿತೆಂಬುದು ಊರಿನ ನಂಬಿಕೆ.

ಈ ಕಥೆಯಲ್ಲೊಂದು ಸೂಕ್ಷ್ಮವಿದೆ. ಕನಸಿನಲ್ಲಿ ಸಿಕ್ಕಿದ್ದು ಬರೀ ಸುಳಿವು. ಭಾರತ ಕೇಳಿದ್ದು ಎಚ್ಚರದಲ್ಲೇ. ಮಲಗಿದವರ ಕಿವಿಗೆ ಮಾತು ಹಾಕಿ ಕನಸನ್ನು ತಿದ್ದಲು ಹೊರಟ ವಿಜ್ಞಾನಿಗಳ ಅನುಭವವೂ ಹೆಚ್ಚುಕಡಿಮೆ ಹೀಗೇ ಇದೆ.

ದಿಂಬಿನ ಪಕ್ಕ ಮೊಬೈಲಿನಲ್ಲಿ ಕಥೆಯನ್ನೋ ಪ್ರವಚನವನ್ನೋ ಹಚ್ಚಿಟ್ಟು ಮಲಗುವವರು ಈಗ ಮುಂಡರಗಿ, ಶಿರಹಟ್ಟಿಗಳಲ್ಲೂ ಇದ್ದಾರೆ. ಶ್ರಾವಣದಲ್ಲಿ ಮಠದ ಪುರಾಣ ಕೇಳುತ್ತ ಗೋಡೆಗೊರಗಿ ತೂಕಡಿಸುವ ಅಜ್ಜಂದಿರದೇ ಹೊಸ ಅವತಾರ! ರಾತ್ರಿಯಿಡೀ ಕೇಳಿದ್ದು ತಲೆಗೆ ಇಳಿಯುತ್ತದೆಂಬ ಆಸೆ ಮಾತ್ರ ಹಳೆಯದು. ಅಮೆರಿಕದ ಚಾರ್ಲ್ಸ್ ಸೈಮನ್ ಮತ್ತು ವಿಲಿಯಂ ಎಮನ್ಸ್ 1956ರಲ್ಲಿ ಆ ಆಸೆಗೆ ತಣ್ಣೀರೆರಚಿದರು. ಮಲಗಿದವರಿಗೆ ಪ್ರಶ್ನೋತ್ತರ ಕೇಳಿಸುತ್ತ ಮಿದುಳಿನ ಅಲೆಗಳನ್ನೂ ದಾಖಲಿಸಿದಾಗ, ನೆನಪಿನಲ್ಲಿ ಉಳಿದದ್ದೆಲ್ಲ ಎಚ್ಚರ ಇಣುಕಿದ ಗಳಿಗೆಗಳಲ್ಲಿ ಕೇಳಿದ್ದು ಎಂದು ಗೊತ್ತಾಯಿತು.

ಕನಸಿನ ಲೆಕ್ಕ ಬೇರೆ. ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ಹೊರಗಿನ ಸದ್ದು ನಿದ್ದೆಯಲ್ಲೂ ಒಳಗೆ ಬರುತ್ತದೆ, ಆದರೆ ವೇಷ ಬದಲಿಸಿಕೊಂಡು. ಬ್ರಿಟನ್ನಿನ ರಾಲ್ಫ್ ಬರ್ಗರ್ 1963ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸೊಗಸಾದ ಸಾಕ್ಷಿ. ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆ ಸರಸರನೆ ಹೊರಳುವ, ಕನಸು ದಟ್ಟವಾಗಿರುವ ‘ರೆಮ್’ ನಿದ್ದೆಯಲ್ಲಿ ಆತ ಒಂದೊಂದು ಹೆಸರು ಕೇಳಿಸಿ, ಆಮೇಲೆ ಎಬ್ಬಿಸಿ ಕನಸು ಕೇಳುತ್ತಿದ್ದ. ‘ಜಿಲಿಯನ್’ ಎಂಬ ಹೆಸರು ಬಿದ್ದಾಗ ಕನಸಿಗೆ ಬಂದದ್ದು ಚಿಲಿ ದೇಶದ, ಅಂದರೆ ‘ಚಿಲಿಯನ್’ ಹೆಂಗಸು! ಅರ್ಥ ಹೋಗಿ ಪ್ರಾಸ ಉಳಿದಿತ್ತು. ನಮ್ಮ ಕಿವಿಗೆ ‘ಗದುಗು’ ಎಂದರೆ ಒಳಗೆ ‘ಗುಡುಗು’ ಕೇಳಿದಂತೆ. ಕನಸಿಗೆ ಶ್ಲೇಷೆಯ ಚಟ ಇದೆ ಅನ್ನಬೇಕು.

ಆದರೂ ಶಬ್ದವೇ ದೊಡ್ಡ ಅಸ್ತ್ರ ಅಂದುಕೊಳ್ಳುವಂತಿಲ್ಲ. ಡಿಮೆಂಟ್ ಮತ್ತು ವೋಲ್ಪರ್ಟ್ ಎಂಬ ಸಂಶೋಧಕರು 1958ರಲ್ಲಿ ಮಲಗಿದವರ ಮೈಮೇಲೆ ತಣ್ಣೀರು ಸಿಂಪಡಿಸಿದಾಗ ಶೇ 42ರಷ್ಟು ಕನಸುಗಳಿಗೆ ನೀರು ನುಗ್ಗಿತು. ಒಂದೇ ಶ್ರುತಿಯ ಸದ್ದು ಮಾಡಿದಾಗ ಅದು ಸೇರಿದ್ದು ಶೇ 9ರಲ್ಲಿ.

ಮಾತು ಹೆಚ್ಚು ನಾಟುವುದು ನಿದ್ದೆಯ ಹೊಸ್ತಿಲಲ್ಲಿ. ಅಮೆರಿಕದ ಎಂಐಟಿಯಲ್ಲಿ ಆಡಂ ಹಾರ್ ಹೊರೊವಿಟ್ಜ್ ಮತ್ತು ಸಂಗಡಿಗರು ‘ಡಾರ್ಮಿಯೊ’ ಎಂಬ ಕೈಸಾಧನ ಮಾಡಿದ್ದಾರೆ. ಬೆರಳು ಸಡಿಲಾಗಿ, ನಾಡಿ ಬದಲಾಗಿ ಮಂಪರು ಹತ್ತುವುದನ್ನು ಅದು ಗುರುತಿಸುತ್ತದೆ. ಕೂಡಲೇ ಧ್ವನಿಮುದ್ರಿಕೆ ‘ಮರವನ್ನು ನೆನೆಯಿರಿ’ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ಎಬ್ಬಿಸಿ ‘ಏನು ಕಂಡಿರಿ?’ ಎಂದು ಕೇಳಿ ಮತ್ತೆ ಮಲಗಿಸುತ್ತದೆ. 49 ಜನರ ಮೇಲಿನ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸುಮ್ಮನೆ ಮಲಗೆದ್ದವರಿಗಿಂತ ಹೀಗೆ ಮರದ ಸೂಚನೆ ಪಡೆದು ಮಲಗಿದವರು ಮರದ ಬಗೆಗಿನ ಸೃಜನಶೀಲ ಪರೀಕ್ಷೆಗಳಲ್ಲಿ ಶೇ 43ರಷ್ಟು ಮುಂದಿದ್ದರು. ಇಡೀ ಕಥೆ ಬಿತ್ತಲಾಗದು, ಒಂದು ಮಾತು ಬಿತ್ತಬಹುದು.

ವ್ಯಾಪಾರಿಗಳು ಬಿಡುತ್ತಾರೆಯೆ? 2021ರಲ್ಲಿ ಕೂರ್ಸ್ ಎಂಬ ಬಿಯರ್ ಕಂಪನಿ ತನ್ನ ಜಾಹೀರಾತನ್ನು ಕನಸಿಗೆ ನುಗ್ಗಿಸಲು ಹೊರಟಾಗ, ನಿದ್ದೆ ಮತ್ತು ಕನಸಿನ ಸಂಶೋಧಕರು ಸುಮಾರು 40 ಮಂದಿ ಸೇರಿ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಸದುಪಯೋಗವೂ ಉಂಟು. ಜಿನೀವಾದ ವೈದ್ಯರು ಕೆಟ್ಟ ಕನಸಿನಿಂದ ನರಳುವ 36 ಮಂದಿಗೆ ಆ ಕನಸನ್ನು ಹಿತವಾಗಿ ತಿದ್ದಿ ಕಲ್ಪಿಸಿಕೊಳ್ಳುವುದನ್ನು ಕಲಿಸಿದರು. ಹೀಗೆ ತಿದ್ದುವಾಗ ಅರ್ಧ ಜನರಿಗೆ ಪಿಯಾನೊದ ಒಂದು ಸ್ವರಗುಚ್ಛ ಕೇಳಿಸಿ, ರಾತ್ರಿ ರೆಮ್ ನಿದ್ದೆಯಲ್ಲಿ ಅದನ್ನೇ ಮತ್ತೆ ನುಡಿಸಿದರು. ಸ್ವರ ಕೇಳಿದವರಿಗೆ ಕೆಟ್ಟ ಕನಸಿನ ಕಾಟ ಉಳಿದವರಿಗಿಂತ ಹೆಚ್ಚು ಇಳಿಯಿತೆಂದು 2022ರ ವರದಿ ಹೇಳುತ್ತದೆ.

ಗದಗದಲ್ಲಿ ಕಿವಿ, ಕನಸುಗಳ ಮಾತೆತ್ತಿದರೆ ವೀರೇಶ್ವರ ಪುಣ್ಯಾಶ್ರಮ ನೆನಪಾಗದೆ ಇರದು. ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದ, ಅಂಧ ಮಕ್ಕಳು ಸಂಗೀತ ಕಲಿಯುವ ಜಾಗ. ಹುಟ್ಟುಕುರುಡರ ಕನಸಿನಲ್ಲಿ ಚಿತ್ರಗಳ ಬದಲು ಧ್ವನಿ, ಸ್ಪರ್ಶ, ವಾಸನೆಗಳೇ ತುಂಬಿರುತ್ತವೆ ಎಂದು ಡೆನ್ಮಾರ್ಕಿನ 2014ರ ಅಧ್ಯಯನ ಹೇಳಿದೆ. ತಂಬೂರಿಯ ಶ್ರುತಿ ಅಂಥ ಕನಸಿಗೆ ಹೊರಗಿನಿಂದ ಬರುವ ಅತಿಥಿಯಲ್ಲ, ಮನೆಯವರೇ.

ಮನೆಯಲ್ಲಿ ಮಾಡಿ ನೋಡುವ ಆಸೆಯಿದ್ದವರಿಗೆ ರಾತ್ರಿಯಿಡೀ ಕಥೆ ಓಡಿಸುವ ಗರಜಿಲ್ಲ. ನಿದ್ದೆ ಕೆಡುವುದೊಂದೇ ಫಲ. ರೆಮ್ ನಿದ್ದೆ ಉದ್ದವಾಗುವುದು ಬೆಳಗಿನ ಜಾವ. ಲಕ್ಷ್ಮೇಶ್ವರದಲ್ಲಿ ಗುಡಿಯ ಸುಪ್ರಭಾತವೂ ಮಸೀದಿಯ ಆಜಾನೂ ಕಿವಿಗೆ ಬೀಳುವ ಹೊತ್ತು ಅದೇ. ಮೆಲ್ಲಗೆ ಒಂದೇ ಮಾತು ಕೇಳಿಸಿ, ಏಳುತ್ತಿದ್ದಂತೆ ಪಕ್ಕದವರು ಕೇಳಬೇಕು: “ಕನಸಿನ್ಯಾಗ ಏನರ ಬಂದಿತ್ತೇನು?” ತಡ ಮಾಡುವಂತಿಲ್ಲ. ಚಹಾ ಸೋಸುವಷ್ಟರಲ್ಲಿ ಅರ್ಧ ಮರೆತಿರುತ್ತದೆ.