ಅರ್ಧ ಸರ್ಕಾರಿ, ಅರ್ಧ ಖಾಸಗಿ: ಜಗತ್ತಿನ ಚಿಪ್ ಕಂಪನಿಗಳನ್ನು ಕೊಳ್ಳಲು ಹೊರಟ ಚೀನಾದ ಯುನಿಗ್ರೂಪ್ ಮುಳುಗಿದ್ದು ಹೇಗೆ?

2025ರ ಮೇ ತಿಂಗಳಲ್ಲಿ ಚೀನಾದ ಜಿಲಿನ್ ಪ್ರಾಂತ್ಯದ ನ್ಯಾಯಾಲಯವೊಂದು ಝಾವೊ ವೇಯ್‌ಗುವೊ ಎಂಬ ಉದ್ಯಮಿಗೆ ಮರಣದಂಡನೆ ವಿಧಿಸಿತು. ಶಿಕ್ಷೆಯ ಜಾರಿಗೆ ಎರಡು ವರ್ಷದ ತಡೆಯನ್ನೂ ಕೊಟ್ಟಿತು. ಅಲ್ಲಿನ ಪದ್ಧತಿಯಲ್ಲಿ ಇಂಥ ಶಿಕ್ಷೆ ಸಾಮಾನ್ಯವಾಗಿ ಜೀವಾವಧಿಗೆ ಇಳಿಯುತ್ತದೆ. ಭಾರತದ ಮಾಧ್ಯಮಗಳಲ್ಲಿ ಈ ಸುದ್ದಿ ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ ಗೊತ್ತಾಗಲಿಲ್ಲ. ಆದರೆ ಚಿಪ್ ರಾಜಕೀಯ ಅರ್ಥ ಮಾಡಿಕೊಳ್ಳಬೇಕು ಅನ್ನುವವರು ಈ ಮನುಷ್ಯನ ಕಂಪನಿಯ ಕಥೆಯನ್ನು ಒಮ್ಮೆ ಓದಲೇಬೇಕು ಅಂತ ನನಗನ್ನಿಸುತ್ತದೆ. ಯಾಕಂದ್ರೆ ಇದು ಬರೀ ಒಬ್ಬ ಭ್ರಷ್ಟನ ಕಥೆ ಅಲ್ಲ. ಸಾರ್ವಜನಿಕ ಹಣ ಖಾಸಗಿ ಕೈಗೆ ಹೋದಾಗ ಲಾಭ ಯಾರಿಗೆ, ನಷ್ಟ ಯಾರಿಗೆ ಅನ್ನೋ ಪ್ರಶ್ನೆಯ ಕಥೆ. ಆ ಪ್ರಶ್ನೆ ಈಗ ನಮ್ಮ ಮನೆಬಾಗಿಲಿಗೂ ಬಂದಿದೆ.

ಯಾರದು ಈ ಕಂಪನಿ?

ಹೆಸರು ಚಿಂಗ್‌ಹುವಾ ಯುನಿಗ್ರೂಪ್. ಷಿ ಜಿನ್‌ಪಿಂಗ್ ಓದಿದ ಬೀಜಿಂಗ್‌ನ ಚಿಂಗ್‌ಹುವಾ ವಿಶ್ವವಿದ್ಯಾಲಯ 1988ರಲ್ಲಿ ಶುರು ಮಾಡಿದ ಉದ್ಯಮ ಇದು. ಪ್ರಯೋಗಾಲಯದ ಸಂಶೋಧನೆಯನ್ನು ಮಾರುಕಟ್ಟೆಗೆ ತರುವುದು ಮೂಲ ಉದ್ದೇಶ. 2009ರಲ್ಲಿ ಇದರ ಚುಕ್ಕಾಣಿ ಹಿಡಿದವನು ಝಾವೊ. ಷಿನ್‌ಜಿಯಾಂಗ್‌ನಲ್ಲಿ ಕುರಿ, ಹಂದಿ ಕಾಯ್ದು ಬೆಳೆದ ಹುಡುಗ, ಮುಂದೆ ಅದೇ ಚಿಂಗ್‌ಹುವಾದಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ರಿಯಲ್ ಎಸ್ಟೇಟ್‌ನಲ್ಲಿ ದುಡ್ಡು ಮಾಡಿದವನು.

ಮಾಲೀಕತ್ವದ ಲೆಕ್ಕವೇ ಇಲ್ಲಿ ಮುಖ್ಯ. ಶೇ. 51ರಷ್ಟು ಪಾಲು ವಿಶ್ವವಿದ್ಯಾಲಯದ ಹಿಡುವಳಿ ಕಂಪನಿಯದ್ದು, ಅಂದರೆ ಸರ್ಕಾರದ್ದು. ಉಳಿದ ಶೇ. 49 ಝಾವೊನ ಖಾಸಗಿ ಕಂಪನಿ ಜಿಯಾನ್‌ಕುನ್‌ನದ್ದು. ಬಹುಮತ ಸರ್ಕಾರದ್ದು, ಆದರೆ ಕುರ್ಚಿಯಲ್ಲಿ ಕೂತು ಸಹಿ ಹಾಕುವವನು ಖಾಸಗಿ ಪಾಲುದಾರ. ಈ 51-49ರ ಲೆಕ್ಕವನ್ನು ನೆನಪಿಟ್ಟುಕೊಳ್ಳಿ.

ದುಡ್ಡು ಎಲ್ಲಿಂದ ಬಂತು?

ಚೀನಾ ಜಗತ್ತಿನ ಫೋನು, ಲ್ಯಾಪ್‌ಟಾಪ್‌ಗಳನ್ನು ಜೋಡಿಸಿ ಕಳಿಸುತ್ತದೆ, ನಿಜ. ಆದರೆ ಅವುಗಳ ಒಳಗಿನ ಚಿಪ್‌ಗಳಿಗೆ ಹೊರಗಿನವರ ಮುಂದೆ ಕೈಚಾಚಬೇಕಿತ್ತು. ಕಚ್ಚಾ ತೈಲದ ಆಮದಿಗಿಂತ ಚಿಪ್ ಆಮದಿಗೇ ಹೆಚ್ಚು ಖರ್ಚು ಮಾಡಿದ ವರ್ಷಗಳಿವೆ. ಈ ಅವಲಂಬನೆ ತಪ್ಪಿಸಲು 2014ರಲ್ಲಿ ಬೀಜಿಂಗ್ ಒಂದು ರಾಷ್ಟ್ರೀಯ ನಿಧಿ ಸ್ಥಾಪಿಸಿತು. ಅದನ್ನು ಎಲ್ಲರೂ ‘ಬಿಗ್ ಫಂಡ್’ ಅಂತಲೇ ಕರೆಯುತ್ತಾರೆ. ಮೊದಲ ಹಂತದಲ್ಲೇ ಅದರ ಗಾತ್ರ ಸುಮಾರು 13,870 ಕೋಟಿ ಯುವಾನ್.

ಈ ಹಣದ ದೊಡ್ಡ ಫಲಾನುಭವಿಗಳಲ್ಲಿ ಯುನಿಗ್ರೂಪ್ ಒಂದು. 2015ರಲ್ಲಿ ಬಿಗ್ ಫಂಡ್‌ನಿಂದ 1,000 ಕೋಟಿ ಯುವಾನ್, ಸರ್ಕಾರಿ ಒಡೆತನದ ಚೀನಾ ಡೆವಲಪ್‌ಮೆಂಟ್ ಬ್ಯಾಂಕಿನಿಂದ 2,000 ಕೋಟಿ ಯುವಾನ್ ನೆರವು ಘೋಷಣೆಯಾಯಿತು. 2017ರಲ್ಲಿ ಇವೆರಡೂ ಸೇರಿ ಇನ್ನೂ 15,000 ಕೋಟಿ ಯುವಾನ್‌ವರೆಗೆ ಕೊಡುವ ಒಪ್ಪಂದವಾಯಿತು. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಖರೀದಿಯ ಸಂತೆ

ಮೊದಲು ಝಾವೊ ಕೈ ಹಾಕಿದ್ದು ಅಮೆರಿಕದ ಷೇರುಪೇಟೆಯಲ್ಲಿದ್ದ, ಶಾಂಘೈ ಮೂಲದ ಎರಡು ಕಂಪನಿಗಳಿಗೆ. 2013ರಲ್ಲಿ ಮೊಬೈಲ್ ಚಿಪ್ ವಿನ್ಯಾಸ ಮಾಡುವ ಸ್ಪ್ರೆಡ್‌ಟ್ರಮ್ ಅನ್ನು ಸುಮಾರು 178 ಕೋಟಿ ಡಾಲರ್‌ಗೆ, 2014ರಲ್ಲಿ ಆರ್‌ಡಿಎ ಮೈಕ್ರೋಎಲೆಕ್ಟ್ರಾನಿಕ್ಸ್ ಅನ್ನು ಸುಮಾರು 90.7 ಕೋಟಿ ಡಾಲರ್‌ಗೆ ಕೊಂಡ. ಇವೆರಡೂ ಸೇರಿ ಈಗ ಯುನಿಸಾಕ್ ಆಗಿವೆ. ದೂರದ ವಿಷಯ ಅನ್ನಿಸಿದರೆ ಒಂದು ಮಾತು: ನಮ್ಮಲ್ಲಿ ಮನೆಮನೆಗೆ ಬಂದ ಕೆಲವು ಜಿಯೋಫೋನ್‌ಗಳ ಒಳಗೆ ಇದ್ದದ್ದು ಸ್ಪ್ರೆಡ್‌ಟ್ರಮ್ ಚಿಪ್ಪೇ. 2014ರಲ್ಲಿ ಇಂಟೆಲ್ ತಾನಾಗೇ ಬಂದು ಈ ವಹಿವಾಟಿನಲ್ಲಿ ಶೇ. 20ರಷ್ಟು ಪಾಲಿಗೆ 150 ಕೋಟಿ ಡಾಲರ್ ಕೊಟ್ಟಿತು. 2015ರಲ್ಲಿ ಎಚ್‌ಪಿ ತನ್ನ ಚೀನೀ ನೆಟ್‌ವರ್ಕ್ ಉದ್ಯಮ ಎಚ್‌3ಸಿಯ ಶೇ. 51ನ್ನು ಯುನಿಗ್ರೂಪ್‌ಗೆ ಮಾರಲು ಒಪ್ಪಿತು. ಕನಿಷ್ಠ 230 ಕೋಟಿ ಡಾಲರ್‌ಗಳ ವ್ಯವಹಾರ.

ಅಲ್ಲಿಂದ ಮುಂದೆ ಹಸಿವು ಬೇರೆಯದೇ ಆಯಿತು. 2015ರ ಜುಲೈನಲ್ಲಿ ಅಮೆರಿಕದ ಮೈಕ್ರಾನ್ ಕಂಪನಿಯನ್ನು 2,300 ಕೋಟಿ ಡಾಲರ್‌ಗೆ ಕೊಳ್ಳುವ ಪ್ರಸ್ತಾವ ಇಟ್ಟರು. ಇದು ಯಾಕೆ ದೊಡ್ಡ ವಿಷಯ? ಕಂಪ್ಯೂಟರ್, ಫೋನುಗಳು ಕೆಲಸ ಮಾಡುವಾಗ ಬಳಸುವ ಡಿರ್ಯಾಮ್ ಮೆಮೊರಿಯ ಮಾರುಕಟ್ಟೆಯಲ್ಲಿ ಶೇ. 90ಕ್ಕೂ ಹೆಚ್ಚು ಇದ್ದದ್ದು ಮೂರೇ ಕಂಪನಿಗಳ ಕೈಲಿ: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಅಮೆರಿಕದ ಮೈಕ್ರಾನ್. ಮೂರರಲ್ಲಿ ಒಂದು ಸಿಕ್ಕರೆ ದಶಕಗಳ ಕಲಿಕೆ ಒಂದೇ ಚೆಕ್ಕಿನಲ್ಲಿ ಕೈಗೆ ಬಂದಂತೆ. ಅಮೆರಿಕ ಸರ್ಕಾರ ಇದಕ್ಕೆ ಒಪ್ಪುವುದಿಲ್ಲ ಅನ್ನುವ ಕಾರಣಕ್ಕೆ ಮೈಕ್ರಾನ್ ಮುಂದುವರಿಯಲಿಲ್ಲ.

ಮುಂಬಾಗಿಲು ಮುಚ್ಚಿದಾಗ ಹಿತ್ತಿಲ ಬಾಗಿಲು. ಅದೇ ವರ್ಷ ವೆಸ್ಟರ್ನ್ ಡಿಜಿಟಲ್‌ನ ಶೇ. 15 ಪಾಲಿಗೆ ಸುಮಾರು 378 ಕೋಟಿ ಡಾಲರ್ ಹಾಕುವುದಾಗಿ ಯುನಿಗ್ರೂಪ್ ಹೇಳಿತು. ಕೆಲವೇ ವಾರಗಳಲ್ಲಿ ವೆಸ್ಟರ್ನ್ ಡಿಜಿಟಲ್ ಫ್ಲ್ಯಾಶ್ ಮೆಮೊರಿ ಮಾಡುವ ಸ್ಯಾನ್‌ಡಿಸ್ಕ್ ಅನ್ನು ಕೊಳ್ಳುವುದಾಗಿ ಘೋಷಿಸಿತು. ವಿದೇಶಿ ಹೂಡಿಕೆಯಿಂದ ರಾಷ್ಟ್ರೀಯ ಭದ್ರತೆಗೆ ಧಕ್ಕೆಯಿದೆಯೇ ಅಂತ ನೋಡುವ ಸಮಿತಿಯೊಂದು ಅಮೆರಿಕದಲ್ಲಿದೆ. ಅದು ಈ ಹೂಡಿಕೆಯನ್ನು ತನಿಖೆ ಮಾಡುತ್ತೇನೆ ಅಂದಿದ್ದೇ ತಡ, 2016ರ ಫೆಬ್ರವರಿಯಲ್ಲಿ ಯುನಿಗ್ರೂಪ್ ಹಿಂದೆ ಸರಿಯಿತು.

ತೈವಾನ್‌ನಲ್ಲೂ ಇದೇ ಕಥೆ. ಚಿಪ್ ಪ್ಯಾಕೇಜಿಂಗ್ ಮಾಡುವ ಪವರ್‌ಟೆಕ್, ಸ್ಪಿಲ್, ಚಿಪ್‌ಮಾಸ್ ಎಂಬ ಮೂರು ಕಂಪನಿಗಳಲ್ಲಿ ತಲಾ ಶೇ. 25ರಷ್ಟು ಪಾಲು ಕೊಳ್ಳುವ ಮಾತುಕತೆ 2015ರ ಕೊನೆಗೆ ನಡೆದಿತ್ತು. 2016ರ ಜನವರಿಯಲ್ಲಿ ತ್ಸಾಯ್ ಇಂಗ್-ವೆನ್ ಅಧ್ಯಕ್ಷೆಯಾಗಿ ಗೆದ್ದರು. ಚೀನೀ ಬಂಡವಾಳದ ಬಗ್ಗೆ ಅಲ್ಲಿನ ಜನರಿಗಿದ್ದ ಅನುಮಾನ ಆಗಲೇ ಗಟ್ಟಿಯಾಗಿತ್ತು. ಒಂದೊಂದಾಗಿ ಮೂರೂ ಬಿದ್ದುಹೋದವು. 2018ರಲ್ಲಿ ಫ್ರಾನ್ಸಿನ ಲಿಂಕ್ಸೆನ್ಸ್ ಮಾತ್ರ ಸುಮಾರು 220 ಕೋಟಿ ಯೂರೋಗೆ ಸಿಕ್ಕಿತು. ಬ್ಯಾಂಕ್ ಕಾರ್ಡು, ಸಿಮ್ ಕಾರ್ಡುಗಳ ಮೇಲೆ ಬಂಗಾರದ ಬಣ್ಣದಲ್ಲಿ ಹೊಳೆಯುತ್ತದಲ್ಲ, ಅಂಥ ಸಂಪರ್ಕ ಪಟ್ಟಿ ಮಾಡುವ ಕಂಪನಿ. ಒಳ್ಳೆಯ ಕಂಪನಿಯೇ, ಆದರೆ ಅದು ಮೈಕ್ರಾನ್ ಅಲ್ಲ.

ಎರಡು ಮುಖವಾಡ

ಈಗ ಆ 51-49ಕ್ಕೆ ವಾಪಸ್ ಬರೋಣ. ವಿದೇಶದಲ್ಲಿ ಖರೀದಿಗೆ ಹೋದಾಗ ಯುನಿಗ್ರೂಪ್ ತಾನು ಲಾಭ-ನಷ್ಟ ನೋಡುವ ಮಾರುಕಟ್ಟೆಯ ಕಂಪನಿ ಅಂತ ತೋರಿಸಿಕೊಳ್ಳುತ್ತಿತ್ತು. ಸ್ವದೇಶದಲ್ಲಿ ಸಾಲ ಕೇಳುವಾಗ ಅದು ಸರ್ಕಾರದ ಕಂಪನಿ. ಸರ್ಕಾರ ಹಿಂದೆ ಇದೆ ಅಂದಮೇಲೆ ಸಾಲ ಕೊಡುವವರಿಗೇನು ಭಯ? ಅದರ ಬಾಂಡ್‌ಗಳಿಗೆ ದೇಶದೊಳಗೆ ಅತ್ಯುನ್ನತ ಎಎಎ ಶ್ರೇಯಾಂಕವಿತ್ತು.

ನನ್ನ ಪ್ರಕಾರ ಈ ಕಂಪನಿಯನ್ನು ಮುಳುಗಿಸಿದ್ದು ಇದೇ ಜಾಣತನ. ವಾಷಿಂಗ್ಟನ್, ತೈಪೆಗಳಲ್ಲಿ ಯಾರೂ ಖಾಸಗಿ ಮುಖವಾಡವನ್ನು ನಂಬಲಿಲ್ಲ, ಶೇ. 51 ಯಾರದು ಅಂತ ನೋಡಿದರು, ಬಾಗಿಲು ಹಾಕಿದರು. ಬೀಜಿಂಗ್‌ನಲ್ಲಿ ಸರ್ಕಾರಿ ಮುಖವಾಡವನ್ನು ಎಲ್ಲರೂ ನಂಬಿದರು, ಶೇ. 49ರವನು ಏನು ಮಾಡುತ್ತಿದ್ದಾನೆ ಅಂತ ಯಾರೂ ಕೇಳಲಿಲ್ಲ. ಸಾಲ ತಂದು ಕಂಪನಿ ಕೊಳ್ಳೋದು, ಹಳೇ ಸಾಲ ತೀರಿಸೋಕೆ ಹೊಸ ಸಾಲ ಮಾಡೋದು. 2020ರ ಹೊತ್ತಿಗೆ ಹೊಣೆಗಾರಿಕೆ ಸುಮಾರು 20,000 ಕೋಟಿ ಯುವಾನ್‌ಗೆ ಬಂದು ನಿಂತಿತ್ತು. ಆ ವರ್ಷದ ನವೆಂಬರ್‌ನಲ್ಲಿ 130 ಕೋಟಿ ಯುವಾನ್‌ನ ಒಂದು ಬಾಂಡ್ ಕಟ್ಟಲು ಆಗಲಿಲ್ಲ. ಸರ್ಕಾರ ಕೈ ಹಿಡಿಯುತ್ತದೆ ಅಂದುಕೊಂಡವರಿಗೆ ಆಘಾತ.

2021ರಲ್ಲಿ ವಿಷಯ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸರ್ಕಾರಿ ಬೆಂಬಲವಿದ್ದ ಹೂಡಿಕೆದಾರರ ಒಂದು ಕೂಟ 6,000 ಕೋಟಿ ಯುವಾನ್ ಕೊಟ್ಟು ಕಂಪನಿಯನ್ನು ತೆಗೆದುಕೊಂಡಿತು. ಇಲ್ಲೊಂದು ವ್ಯಂಗ್ಯ ಇದೆ. ಈ ಯೋಜನೆಯಿಂದ ಸರ್ಕಾರಿ ಆಸ್ತಿಗೆ 7,340 ಕೋಟಿ ಯುವಾನ್ ನಷ್ಟ ಆಗುತ್ತದೆ ಅಂತ ಬಹಿರಂಗವಾಗಿ ಕೂಗೆಬ್ಬಿಸಿದ್ದು ಬೇರೆ ಯಾರೂ ಅಲ್ಲ, ಝಾವೊ. ಮುಂದಿನ ವರ್ಷ ಅವನೇ ತನಿಖಾಧಿಕಾರಿಗಳ ವಶವಾದ. ಬಿಗ್ ಫಂಡ್‌ನ ಮುಖ್ಯಸ್ಥ ಡಿಂಗ್ ವೆನ್‌ವು ಮೇಲೂ 2022ರ ಜುಲೈನಲ್ಲೇ ತನಿಖೆ ಶುರುವಾಯಿತು. ಲಾಭದ ವ್ಯವಹಾರಗಳನ್ನು ತನ್ನವರಿಗೆ ಕೊಟ್ಟ, ತನ್ನವರಿಂದ ಮಾರುಕಟ್ಟೆಗಿಂತ ಹೆಚ್ಚಿನ ಬೆಲೆಗೆ ಕೊಂಡ ಅನ್ನುವುದು ಝಾವೊ ಮೇಲಿದ್ದ ಆರೋಪದ ತಿರುಳು. ಹೊರಗೆ ನಡೆದದ್ದು ಚಿಪ್ ಯುದ್ಧ, ಒಳಗೆ ನಡೆದದ್ದು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಗುತ್ತಿಗೆ ದಂಧೆ.

ಹಾಗಾದರೆ ಎಲ್ಲಾ ವ್ಯರ್ಥವಾಯಿತೇ?

ಇಲ್ಲ. ಇಲ್ಲೇ ಕಥೆ ಸ್ವಲ್ಪ ತಿರುಗುತ್ತದೆ. 2016ರಲ್ಲಿ ಯುನಿಗ್ರೂಪ್ ಮತ್ತು ಬಿಗ್ ಫಂಡ್ ಸೇರಿ ವುಹಾನ್‌ನಲ್ಲಿ ಯಾಂಗ್‌ಟ್ಸಿ ಮೆಮೊರಿ ಎಂಬ ಕಂಪನಿ ಕಟ್ಟಿದವು. ಅದನ್ನು ಹೊರಗಿನಿಂದ ಕೊಂಡು ತಂದದ್ದಲ್ಲ. ಎಂಜಿನಿಯರುಗಳನ್ನು ಸೇರಿಸಿ, ತಯಾರಿಕೆ ಕಲಿತು ಬೆಳೆಸಿದ್ದು. 2019ರಲ್ಲಿ 64 ಪದರದ ಫ್ಲ್ಯಾಶ್ ಮೆಮೊರಿ ತಯಾರಿಸಲು ಶುರು ಮಾಡಿತು, ಮೂರು ವರ್ಷದಲ್ಲಿ 200 ಪದರ ದಾಟಿತು. ಪದರ ಹೆಚ್ಚಿದಷ್ಟೂ ಅಷ್ಟೇ ಜಾಗದಲ್ಲಿ ಹೆಚ್ಚು ಮಾಹಿತಿ ಇಡಬಹುದು. ಅಮೆರಿಕ 2022ರ ಡಿಸೆಂಬರ್‌ನಲ್ಲಿ ಅದನ್ನು ತನ್ನ ನಿರ್ಬಂಧ ಪಟ್ಟಿಗೆ ಸೇರಿಸಿತು. ಪೈಪೋಟಿ ಕೊಡದವರನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ.

ಕೊಂಡ ಕಂಪನಿಯನ್ನು ಕೈಯಲ್ಲಿ ಉಳಿಸಿಕೊಳ್ಳುವುದೂ ಈಗ ಸುಲಭವಿಲ್ಲ. ಸರ್ಕಾರಿ ಹೂಡಿಕೆ ಇರುವ ಇನ್ನೊಂದು ಚೀನೀ ಕಂಪನಿ ವಿಂಗ್‌ಟೆಕ್, ನೆದರ್‌ಲ್ಯಾಂಡ್ಸ್‌ನ ನೆಕ್ಸ್‌ಪೀರಿಯಾವನ್ನು ಕೊಂಡು ವರ್ಷಗಳೇ ಆಗಿದ್ದವು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಡಚ್ ಸರ್ಕಾರ ಹಳೆಯ ಕಾನೂನೊಂದನ್ನು ಹಿಡಿದು ಆ ಕಂಪನಿಯ ನಿರ್ಧಾರಗಳ ಮೇಲೆ ಹಿಡಿತ ಸಾಧಿಸಿತು. ಚೀನಾ ತನ್ನಲ್ಲಿದ್ದ ನೆಕ್ಸ್‌ಪೀರಿಯಾ ಕಾರ್ಖಾನೆಯ ರಫ್ತನ್ನೇ ತಡೆಯಿತು. ಬಹಳ ಸಾಧಾರಣ, ಅಗ್ಗದ ಚಿಪ್‌ಗಳು. ಆದರೂ ಜಗತ್ತಿನ ಕಾರು ಕಂಪನಿಗಳು ಕಂಗಾಲಾದವು. ನವೆಂಬರ್‌ನಲ್ಲಿ ಡಚ್ ಸರ್ಕಾರ ಆದೇಶವನ್ನು ಅಮಾನತಿನಲ್ಲಿಟ್ಟಿತು.

ನಮಗೇನು ಸಂಬಂಧ?

ಸಂಬಂಧ ಇದೆ. 2022ರ ಮೇನಲ್ಲಿ ಮೈಸೂರಿಗೆ ಚಿಪ್ ಕಾರ್ಖಾನೆ ಬರುತ್ತೆ ಅಂತ ಸುದ್ದಿಯಾಗಿದ್ದು ನೆನಪಿದೆಯಾ? ಐಎಸ್‌ಎಂಸಿ ಎಂಬ ಕೂಟ, 22,900 ಕೋಟಿ ರೂಪಾಯಿ ಹೂಡಿಕೆ, ರಾಜ್ಯ ಸರ್ಕಾರದ ಜೊತೆ ಒಡಂಬಡಿಕೆ. ತಂತ್ರಜ್ಞಾನ ಕೊಡಬೇಕಿದ್ದದ್ದು ಇಸ್ರೇಲಿನ ಟವರ್. ಆ ಟವರ್ ಅನ್ನು ಇಂಟೆಲ್ 540 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟಿದ್ದರಿಂದ ಮೈಸೂರಿನ ಯೋಜನೆ ನಿಂತುಹೋಯಿತು ಅಂತ ವರದಿಯಾಯಿತು. ಕೊನೆಗೆ 2023ರ ಆಗಸ್ಟ್‌ನಲ್ಲಿ ಇಂಟೆಲ್ ಖರೀದಿಯೂ ಬಿತ್ತು. ಯಾಕೆ? ಗಡುವಿನೊಳಗೆ ಚೀನಾದ ನಿಯಂತ್ರಕರ ಅನುಮತಿ ಬರಲಿಲ್ಲ. ತಮ್ಮ ಖರೀದಿಗಳಿಗೆ ಅಡ್ಡಗಾಲು ಹಾಕಿಸಿಕೊಂಡವರು ಅಡ್ಡಗಾಲು ಹಾಕುವುದನ್ನೂ ಕಲಿತಿದ್ದರು.

ಇನ್ನು ಯುನಿಗ್ರೂಪ್‌ಗೆ ಸಿಗದ ಮೈಕ್ರಾನ್. ಅದು ಗುಜರಾತಿನ ಸಾಣಂದ್‌ಗೆ ಬಂದಿದೆ. 275 ಕೋಟಿ ಡಾಲರ್‌ಗಳ ಯೋಜನೆ, ವೆಚ್ಚದ ಶೇ. 50 ಕೇಂದ್ರದ್ದು, ಶೇ. 20 ಗುಜರಾತ್ ಸರ್ಕಾರದ್ದು, ಮೈಕ್ರಾನ್ ಹಾಕುವುದು ಹೆಚ್ಚೆಂದರೆ 82.5 ಕೋಟಿ ಡಾಲರ್. ಲೆಕ್ಕ ನೋಡಿ: ಶೇ. 70 ನಮ್ಮದು, ಮಾಲೀಕತ್ವ ಅವರದು. ಝಾವೊ ಕೂಡ ಶೇ. 49ರಷ್ಟು ಪಾಲು ಹೊಂದಿದ್ದ!

ಸಬ್ಸಿಡಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ತೈವಾನ್, ಕೊರಿಯಾ, ಅಮೆರಿಕ ಎಲ್ಲವೂ ಚಿಪ್‌ಗೆ ಸರ್ಕಾರದ ಹಣ ಸುರಿದಿವೆ. ನಾವೂ 76,000 ಕೋಟಿ ರೂಪಾಯಿಯ ಯೋಜನೆ ಮಾಡಿದ್ದೇವೆ. ನನ್ನ ತಕರಾರು ಬೇರೆ. ಚೀನಾದಲ್ಲಿ ‘ರಾಷ್ಟ್ರೀಯ ಹೆಮ್ಮೆ’ ಅನ್ನುವ ಮಾತಿನ ನೆರಳಲ್ಲಿ ಲೆಕ್ಕ ಕೇಳುವ ಧ್ವನಿ ಅಡಗಿತ್ತು. ಅಲ್ಲಿ ಪ್ರಶ್ನೆ ಎದ್ದಿದ್ದು ಸಾಲ 20,000 ಕೋಟಿ ಯುವಾನ್ ಮುಟ್ಟಿದ ಮೇಲೆ. ಉತ್ತರ ಬಂದಿದ್ದು ಮರಣದಂಡನೆಯ ರೂಪದಲ್ಲಿ. ಇದು ಹೊಣೆಗಾರಿಕೆ ಅಲ್ಲ, ಹೊಣೆಗಾರಿಕೆ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಸಾಕ್ಷಿ.

ನಮ್ಮಲ್ಲಿ ಸಂಸತ್ತಿದೆ, ಸಿಎಜಿ ಇದೆ, ಮಾಹಿತಿ ಹಕ್ಕು ಇದೆ. ಹಾಗಾಗಿ ಮುಂದಿನ ಸಲ ಯಾವುದೋ ಚಿಪ್ ಘಟಕಕ್ಕೆ ಅಡಿಗಲ್ಲು ಬಿದ್ದಾಗ, ಆ ಘಟಕ ಸಾಣಂದ್‌ನಲ್ಲಿರಲಿ, ಮೈಸೂರಿನಲ್ಲಿರಲಿ, ನಾವು ಕೇಳಬೇಕಾದ ಪ್ರಶ್ನೆಗಳು ಸರಳ: ಹಾಕಿದ ಸಾರ್ವಜನಿಕ ಹಣ ಎಷ್ಟು? ಅದಕ್ಕೆ ಬದಲಾಗಿ ಪಾಲು ಬಂತೋ, ತಂತ್ರಜ್ಞಾನ ಬಂತೋ, ಕೆಲಸ ಬಂತೋ? ಒಪ್ಪಂದದ ಷರತ್ತುಗಳನ್ನು ಯಾಕೆ ಜನರ ಮುಂದೆ ಇಡುತ್ತಿಲ್ಲ? ಮಾತು ಮುರಿದರೆ ಹಣ ವಾಪಸ್ ಪಡೆಯುವ ದಾರಿ ಯಾವುದು? ಇದನ್ನು ಅಡಿಗಲ್ಲು ಹಾಕುವ ದಿನವೇ ಕೇಳಬೇಕು. ದಿವಾಳಿ ನ್ಯಾಯಾಲಯದ ಮೆಟ್ಟಿಲ ಮೇಲೆ ಕೇಳಿದರೆ ಉತ್ತರ ಸಿಗಬಹುದು, ದುಡ್ಡು ಸಿಗಲ್ಲ.