ನಳಂದದಿಂದ ನಮಿಸದೆ ಹೊರಡುವ ಮುನ್ನ

1970ರಲ್ಲಿ ತೆರೆಕಂಡ ‘ಜಾನಿ ಮೇರಾ ನಾಮ್’ ಎಂಬ ಹಿಂದಿ ಚಲನಚಿತ್ರ ಕನ್ನಡಿಗರಿಗೂ ಪೂರ್ತಿ ಅಪರಿಚಿತವಲ್ಲ. ಡಾ. ರಾಜಕುಮಾರ್ ಹಾಗೂ ಶಂಕರ್‌ನಾಗ್ ಅಭಿನಯದ ‘ಅಪೂರ್ವ ಸಂಗಮ’ಕ್ಕೆ ಮೂಲವಾದುದು ಅದೇ ಕಥೆ. ವಿಜಯ್ ಆನಂದ್ ನಿರ್ದೇಶಿಸಿದ ಆ ಚಿತ್ರದಲ್ಲಿ ದೇವ್ ಆನಂದ್ ಮತ್ತು ಹೇಮಾಮಾಲಿನಿಯವರ ಒಂದು ಯುಗಳ ಗೀತೆಯಿದೆ. ಆ ಗೀತೆಯ ಹಿನ್ನೆಲೆಯಲ್ಲಿ ಕಾಣುವ ಕೆಂಪು ಇಟ್ಟಿಗೆಯ ಗೋಡೆಗಳು ಬಿಹಾರದ ನಳಂದ ಮಹಾವಿಹಾರದ ಅವಶೇಷಗಳು. ಆಕಾಶದಲ್ಲಿ ತೇಲುವ ಕುರ್ಚಿಗಳು ಸಮೀಪದ ರಾಜಗೃಹದಲ್ಲಿ ರತ್ನಗಿರಿಗೆ ಏರುವ ರಜ್ಜುಮಾರ್ಗದವು. ಅಂದಿನಿಂದ ಅನೇಕರ ಪಾಲಿಗೆ ನಳಂದವೆಂದರೆ ಆ ಹಾಡು ಚಿತ್ರಿತವಾದ ತಾಣ. ನಾಯಕ ನಿಂತ ಸ್ಥಳ ಯಾವುದು, ನಾಯಕಿ ಇಳಿದು ಬಂದ ಮೆಟ್ಟಿಲು ಯಾವುದು ಎಂಬ ಕುತೂಹಲದಿಂದಲೇ ಅಲ್ಲಿಗೆ ಬರುವವರುಂಟು.

ಸಮ್ಮೇದ ಶಿಖರಜಿಯ ಯಾತ್ರೆಗೆ ಹೊರಡುವ ಕರ್ನಾಟಕದ ಶ್ರಾವಕ ಶ್ರಾವಿಕೆಯರು ಪಾವಾಪುರಿಯ ಜಲಮಂದಿರ, ರಾಜಗೃಹದ ಪಂಚಗಿರಿಗಳು ಹಾಗೂ ಕುಂಡಲಪುರವನ್ನೂ ದರ್ಶಿಸುವುದು ವಾಡಿಕೆ. ಈ ದಾರಿಯಲ್ಲಿ ನಳಂದದ ಅವಶೇಷಗಳೂ ಎದುರಾಗುತ್ತವೆ. 5ನೇ ಶತಮಾನದಲ್ಲಿ ಗುಪ್ತ ದೊರೆ ಕುಮಾರಗುಪ್ತನ ಕಾಲದಲ್ಲಿ ಆರಂಭಗೊಂಡ ಈ ಬೌದ್ಧ ಮಹಾವಿಹಾರ ಶತಮಾನಗಳ ಕಾಲ ವಿದ್ಯೆಯ ಮಹಾಕೇಂದ್ರವಾಗಿತ್ತು. 7ನೇ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಇಲ್ಲಿ ಅಧ್ಯಯನ ಮಾಡಿದನು. ಕಾಲಾಂತರದಲ್ಲಿ ಹಾಳಾಗಿ ಮಣ್ಣಿನಡಿ ಸೇರಿದ್ದ ಇದನ್ನು 1915ರ ನಂತರ ನಡೆದ ಉತ್ಖನನಗಳು ಮತ್ತೆ ಬೆಳಕಿಗೆ ತಂದವು. 2016ರಲ್ಲಿ ಇದು ವಿಶ್ವಪರಂಪರೆಯ ತಾಣವೆಂಬ ಮನ್ನಣೆ ಪಡೆಯಿತು. ‘ಇದು ಬೌದ್ಧರ ಸ್ಥಳ, ನಮಗಿಲ್ಲಿ ಏನಿದೆ’ ಎಂದುಕೊಂಡು ನಾಲ್ಕು ಛಾಯಾಚಿತ್ರ ತೆಗೆದುಕೊಂಡು ಮುಂದಿನ ಕ್ಷೇತ್ರಕ್ಕೆ ಧಾವಿಸುವ ಯಾತ್ರಿಕರೂ ಇದ್ದಾರೆ. ಹಾಡನ್ನು ಹುಡುಕಿ ಬಂದವನಿಗೂ ಹೀಗೆ ಧಾವಿಸುವವನಿಗೂ ಹೆಚ್ಚಿನ ಅಂತರವಿಲ್ಲ. ಇಬ್ಬರೂ ತಮಗೆ ಬೇಕಾದುದನ್ನಷ್ಟೇ ನೋಡಿದರು.

ಮಹಾವಿಹಾರದ ಮೊದಲ ಇಟ್ಟಿಗೆಯನ್ನು ಇಡುವುದಕ್ಕೆ ಸುಮಾರು ಸಾವಿರ ವರ್ಷಗಳ ಹಿಂದೆಯೇ ನಳಂದ ಜಿನಧರ್ಮದ ನೆಲವಾಗಿತ್ತು. ಭಗವಾನ್ ಮಹಾವೀರರು ರಾಜಗೃಹ ಮತ್ತು ಅದರ ಉಪನಗರವಾದ ನಳಂದದಲ್ಲಿ 14 ಚಾತುರ್ಮಾಸಗಳನ್ನು ಕಳೆದರೆಂದು ಕಲ್ಪಸೂತ್ರ ಹೇಳುತ್ತದೆ. ದೀಕ್ಷೆಯ ನಂತರದ ಎರಡನೆಯ ಮಳೆಗಾಲವನ್ನು ಅವರು ನಳಂದದ ಒಬ್ಬ ನೇಕಾರನ ಶಾಲೆಯಲ್ಲಿ ಕಳೆದರೆಂಬುದು ಶ್ವೇತಾಂಬರ ಆಗಮಗಳ ನಿರೂಪಣೆ. ಕೇವಲಜ್ಞಾನದ ಬಳಿಕ ಅವರ ಮೊದಲ ದಿವ್ಯಧ್ವನಿ ಹೊರಹೊಮ್ಮಿದ್ದು ರಾಜಗೃಹದ ವಿಪುಲಾಚಲದ ಮೇಲೆ ಎಂಬುದು ದಿಗಂಬರ ಪರಂಪರೆಯ ನಂಬಿಕೆ.

ನೇಕಾರನ ಆ ಶಾಲೆ ಇಂದು ಇಲ್ಲ. ಇರಬೇಕೆಂದು ಮಹಾವೀರರು ಬಯಸಿದವರೂ ಅಲ್ಲ. ಮಳೆಗಾಲದ ನಾಲ್ಕು ತಿಂಗಳು ಮುಗಿದೊಡನೆ ಮುನಿಯು ಆಶ್ರಯ ನೀಡಿದ ಮಾಡನ್ನು ಮಮತೆಯಿಲ್ಲದೆ ತೊರೆದು ನಡೆಯುತ್ತಾನೆ. ಆದರೆ ಆ ನೆಲದಲ್ಲಿ ನಡೆದ ಒಂದು ಸಂವಾದ ಇಂದಿಗೂ ಉಳಿದಿದೆ. ಸೂತ್ರಕೃತಾಂಗ ಆಗಮದ ಕೊನೆಯ ಅಧ್ಯಯನದ ಹೆಸರೇ ‘ನಾಲಂದೀಯ’.

ನಳಂದದಲ್ಲಿ ಲೇಪನೆಂಬ ಧನಿಕ ಶ್ರಾವಕನಿದ್ದನು. ಅವನ ಜಲಶಾಲೆಯ ಬಳಿಯ ಉದ್ಯಾನದಲ್ಲಿ ಗೌತಮ ಗಣಧರರು ತಂಗಿದ್ದಾಗ ಪಾರ್ಶ್ವನಾಥ ಪರಂಪರೆಯ ಉದಕನೆಂಬ ನಿರ್ಗ್ರಂಥನು ಅವರ ಬಳಿಗೆ ಬಂದು ಒಂದು ಸಂದೇಹವನ್ನು ಮುಂದಿಟ್ಟನು. ತ್ರಸಜೀವಿಗಳನ್ನು, ಎಂದರೆ ಚಲಿಸುವ ಜೀವಿಗಳನ್ನು ಹಿಂಸಿಸೆನೆಂದು ಗೃಹಸ್ಥನು ವ್ರತ ತೊಡುತ್ತಾನೆ. ಆದರೆ ಇಂದಿನ ತ್ರಸಜೀವಿ ಸತ್ತು ನಾಳೆ ಸಸ್ಯವೇ ಮೊದಲಾದ ಸ್ಥಾವರ ಕಾಯದಲ್ಲಿ ಹುಟ್ಟಬಹುದು. ಆ ಸ್ಥಾವರಕ್ಕೆ ಗೃಹಸ್ಥನಿಂದ ಬಾಧೆಯಾದರೆ ಅವನ ವ್ರತ ಮುರಿದಂತಲ್ಲವೆ? ಆದುದರಿಂದ ಪ್ರತಿಜ್ಞೆಯ ಮಾತನ್ನೇ ‘ಈಗ ತ್ರಸವಾಗಿರುವ ಜೀವಿ’ ಎಂದು ತಿದ್ದಬೇಡವೆ?

ಗೌತಮರ ಉತ್ತರ ನಿರ್ಮಲವಾಗಿತ್ತು. ತ್ರಸವೆಂಬ ಮಾತೇ ಈಗಿನ ಸ್ಥಿತಿಯನ್ನು ಹೇಳುತ್ತದೆ, ಬೇರೆ ವಿಶೇಷಣ ಬೇಕಿಲ್ಲ. ಶ್ರಮಣನಿಗೆ ಕೇಡು ಮಾಡೆನೆಂದು ಒಬ್ಬನು ಪ್ರತಿಜ್ಞೆ ಮಾಡಿದರೆ, ಆ ಪ್ರತಿಜ್ಞೆ ಈಗ ಶ್ರಮಣನಾಗಿರುವವನಿಗೆ ಸಂಬಂಧಿಸಿದ್ದೇ ಹೊರತು ದೀಕ್ಷೆ ತೊರೆದು ಮನೆಗೆ ಮರಳಿದವನಿಗಲ್ಲ. ಜೀವ ಒಂದೇ ಆದರೂ ಅದರ ಪರ್ಯಾಯಗಳು ಬೇರೆ ಬೇರೆ. ವ್ರತವು ಕಣ್ಣೆದುರಿನ ಪರ್ಯಾಯವನ್ನು ಗುರುತಿಸಿ ನಡೆಯಬೇಕಾದುದು.

ನಳಂದದ ಅವಶೇಷಗಳ ಮುಂದೆ ನಿಂತವನಿಗೆ ಈ ಮಾತು ಬೇರೊಂದು ಬಗೆಯಲ್ಲಿ ಅರ್ಥವಾಗುತ್ತದೆ. ಅಲ್ಲಿನ 3ನೇ ಸಂಖ್ಯೆಯ ಮಹಾಸ್ತೂಪವನ್ನು ಶೋಧಿಸಿದಾಗ, ಅದು ಒಂದರ ಮೇಲೊಂದರಂತೆ 7 ಹಂತಗಳಲ್ಲಿ ಕಟ್ಟಲ್ಪಟ್ಟುದೆಂದು ತಿಳಿದುಬಂತು. ಒಂದು ಕಟ್ಟಡ ಮತ್ತೊಂದರ ಗರ್ಭದಲ್ಲಿ ಅಡಗಿತ್ತು. ಉತ್ಪಾದ, ವ್ಯಯ, ಧ್ರೌವ್ಯಗಳೆಂದು ಜಿನಾಗಮ ಹೇಳುವ ತತ್ತ್ವಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕೆ? ಮಾವಿನ ತೋಪುಗಳ ಊರು, ಮುನಿಗಳ ಚಾತುರ್ಮಾಸದ ಬೀಡು, ಸಾವಿರಾರು ಭಿಕ್ಷುಗಳ ವಿದ್ಯಾಪೀಠ, ಮಣ್ಣಿನ ದಿಬ್ಬ, ಪುರಾತತ್ತ್ವ ತಾಣ, ಚಲನಚಿತ್ರದ ದೃಶ್ಯ: ಇವೆಲ್ಲವೂ ಒಂದೇ ನೆಲದ ಪರ್ಯಾಯಗಳು.

ಯಾವುದನ್ನಾದರೂ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಿಂದ ಅರಿಯಬೇಕೆಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ಹಿಂದೆ ಇದ್ದು ಈಗಿಲ್ಲದ ಸ್ಥಿತಿಯಿಂದ ಗುರುತಿಸುವುದು ದ್ರವ್ಯನಿಕ್ಷೇಪ. ಪಟ್ಟ ತ್ಯಜಿಸಿದವನನ್ನೂ ಜನ ರಾಜನೆಂದೇ ಕರೆಯುವಂತೆ ನಾವು ಈ ಇಟ್ಟಿಗೆಗಳನ್ನು ಇಂದಿಗೂ ಮಹಾವಿಹಾರವೆನ್ನುತ್ತೇವೆ. ಆದರೆ ಭಾವನಿಕ್ಷೇಪಕ್ಕೆ ಈಗಿನ ಸ್ಥಿತಿಯೇ ಪ್ರಮಾಣ. ಅಲ್ಲಿ ಇಂದು ಪಾಠವಿಲ್ಲ, ಪ್ರವಚನವಿಲ್ಲ. ಹಾಗಿದ್ದರೆ ಆ ನೆಲದಲ್ಲಿ ಭಾವವು ಎಲ್ಲಿಂದ ಬರಬೇಕು? ಬಂದವನ ಪರಿಣಾಮಗಳಿಂದಲೇ ಬರಬೇಕು. ಯಾತ್ರಿಕನ ಮನಸ್ಸು ಶಾಂತವಾದ ಕ್ಷಣದಲ್ಲಿ ಅದು ಅವನ ಪಾಲಿಗೆ ತೀರ್ಥ. ಮನಸ್ಸು ಪ್ರದರ್ಶನದಲ್ಲೇ ಮುಳುಗಿದ್ದರೆ, ಪಾವಾಪುರಿಯ ಜಲಮಂದಿರವೂ ಅವನ ಪಾಲಿಗೆ ಚಿತ್ರೀಕರಣದ ಒಂದು ತಾಣವಷ್ಟೆ.

ಇದರಿಂದ ಚಲನಚಿತ್ರವನ್ನಾಗಲಿ ಅದರ ನೆನಪಿನಿಂದ ಬಂದವರನ್ನಾಗಲಿ ಹಳಿಯಬೇಕಾಗಿಲ್ಲ. ಅವರು ಕಂಡದ್ದೂ ಒಂದು ನಯ. ಹಾಡಿನ ನೆಪದಿಂದ ಬಂದವನು ಗೋಡೆಯ ಮುಂದೆ ಕ್ಷಣಕಾಲ ಮೌನಿಯಾದರೆ, ಆ ಹಾಡೇ ಅವನನ್ನು ಅಲ್ಲಿಗೆ ಕರೆತಂದ ನಿಮಿತ್ತವಾಯಿತು. ಕಂಡದ್ದು ಇಷ್ಟೇ ಎಂದು ಮುಗಿಸಿಬಿಡುವುದು ಮಾತ್ರ ಏಕಾಂತ. ‘ಇದು ನಮ್ಮದಲ್ಲ’ ಎಂದು ಮುಖ ತಿರುಗಿಸುವುದೂ ಅದೇ ಏಕಾಂತದ ಇನ್ನೊಂದು ರೂಪ.

ಅಲ್ಲಿಗೆ ಹೋಗುವ ಶ್ರಾವಕನಿಗೆ ಆಚರಣೆಯೂ ಕಷ್ಟವಲ್ಲ. ಮಳೆಗಾಲದಲ್ಲಿ ಹಳೆಯ ಇಟ್ಟಿಗೆಗಳ ಮೇಲೆ ಪಾಚಿ ಹಬ್ಬುತ್ತದೆ, ಬಿರುಕುಗಳಲ್ಲಿ ಕ್ರಿಮಿಕೀಟಗಳು ಆಶ್ರಯ ಪಡೆಯುತ್ತವೆ. ಛಾಯಾಚಿತ್ರಕ್ಕಾಗಿ ಗೋಡೆ ಹತ್ತದೆ ನೆಲ ನೋಡಿ ಹೆಜ್ಜೆಯಿಡುವುದು ಈರ್ಯಾಸಮಿತಿಯ ಕಿರುಪಾಠ. ಇಟ್ಟಿಗೆಯ ಮೇಲೆ ತನ್ನ ಹೆಸರು ಕೊರೆಯದಿರುವುದು ಅಪರಿಗ್ರಹದ ಪಾಠ. ಆ ವಿಹಾರಗಳ ಕೋಣೆಗಳಲ್ಲಿ ಬಾಳಿದ ಅಸಂಖ್ಯ ಭಿಕ್ಷುಗಳ ಹೆಸರುಗಳೇ ಅಳಿದುಹೋಗಿವೆ. ಬಿಡುವಿದ್ದರೆ ನೆರಳಿನಲ್ಲಿ ಕುಳಿತು ಎರಡು ಘಳಿಗೆಯ, ಎಂದರೆ 48 ನಿಮಿಷಗಳ, ಒಂದು ಸಾಮಾಯಿಕ ಸಾಕು.

ಉದಕನ ಕಥೆಗೆ ಇನ್ನೂ ಸ್ವಲ್ಪ ಭಾಗ ಉಳಿದಿದೆ. ಸಂದೇಹ ಪರಿಹಾರವಾದ ಮೇಲೆ ಅವನು ಗೌತಮರಿಗೆ ವಂದಿಸದೆ ಹೊರಡಲು ಅನುವಾದನು. ಆಗ ಗೌತಮರು, ಶ್ರಮಣನಿಂದಾಗಲಿ ಬ್ರಾಹ್ಮಣನಿಂದಾಗಲಿ ಒಂದೇ ಒಂದು ಧರ್ಮವಚನವನ್ನು ಕೇಳಿ ತಿಳಿದವನೂ ಅವರನ್ನು ಪೂಜ್ಯರೆಂದು ಆದರಿಸಬೇಕೆಂಬ ಅರ್ಥದ ಮಾತನ್ನು ಹೇಳಿದರು. ಇಂತಹವರಿಂದ ಎಂದು ಭೇದವೆಣಿಸಲಿಲ್ಲ. ಉದಕನು ಹಿಂದಿರುಗಿದನು. ಇದುವರೆಗೆ ಇದನ್ನು ತಾನು ಅರಿತಿರಲಿಲ್ಲವೆಂದು ಒಪ್ಪಿಕೊಂಡು ಗೌತಮರೊಡನೆ ಮಹಾವೀರರ ಸನ್ನಿಧಿಗೆ ಹೋಗಿ ಪ್ರತಿಕ್ರಮಣಸಹಿತವಾದ ಪಂಚಮಹಾವ್ರತಗಳನ್ನು ಸ್ವೀಕರಿಸಿದನು.

ಯುಗಳ ಗೀತೆಯ ಗುಂಗಿನಲ್ಲಿ ಬಂದವನೂ ಶಿಖರಜಿಯ ದಾರಿಯಲ್ಲಿ ಇಳಿದವನೂ ನಳಂದದಿಂದ ಏನನ್ನಾದರೂ ಪಡೆದೇ ತೆರಳುತ್ತಾರೆ. ಬಸ್ಸು ಹತ್ತುವ ಮುನ್ನ ಒಮ್ಮೆ ಹಿಂದಿರುಗಿ ಆ ನೆಲಕ್ಕೆ ಕೈಮುಗಿಯಲು ಅರೆಕ್ಷಣ ಸಾಕು.